ಸಂಕಲ್ಪವುಂಟು, ಪಾರಣೆ ಎಲ್ಲಿ?

ಪ್ರತಿ ವರ್ಷವೂ ಜುಲೈ ಮೊದಲ ವಾರದಲ್ಲಿ, ಅಂದರೆ ಆರಿದ್ರಾ ಮಳೆ ಮುಗಿದು ಪುನರ್ವಸು ಹೂಡುವ ಸಂಧಿಯಲ್ಲಿ, ನಮ್ಮ ದೇಶದಲ್ಲಿ ವನಮಹೋತ್ಸವವು ಆಚರಿಸಲ್ಪಡುತ್ತದೆ. ಶಯನೀ ಏಕಾದಶಿಯೂ ಚಾತುರ್ಮಾಸ್ಯ ವ್ರತಾರಂಭವೂ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲಿಯೇ ಬರುತ್ತವೆ. ಇಂತಹ ಒಂದು ಸಂದರ್ಭದಲ್ಲಿ, ಸಾಯಂಕಾಲದ ಪ್ರವಚನ ಮುಗಿದು ಫಲಮಂತ್ರಾಕ್ಷತೆಯಾದ ಮೇಲೆ, ತರುಣನೊಬ್ಬನು ನಮ್ಮನ್ನು ಕೇಳಿದನು: "ಸರ್ಕಾರ ಗೊತ್ತುಮಾಡಿದ ದಿನ ಗಿಡ ನೆಟ್ಟರೆ ಪುಣ್ಯವುಂಟೇ?" ಪ್ರಶ್ನೆಯಲ್ಲಿ ಕೊಂಚ ಪರಿಹಾಸವಿತ್ತು. ಆದರೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ.

ಈ ಉತ್ಸವವನ್ನು ರಾಷ್ಟ್ರದ ಆಚರಣೆಯನ್ನಾಗಿ ಮಾಡಿದವರು 1950ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು. ಅವರು ಗುಜರಾತಿಯ ಹಿರಿಯ ಸಾಹಿತಿಗಳು. 1938ರಲ್ಲಿ ಭಾರತೀಯ ವಿದ್ಯಾಭವನವನ್ನು ಸ್ಥಾಪಿಸಿದವರು. ಇಲಾಖೆಯ ಸಪ್ತಾಹವೊಂದಕ್ಕೆ 'ಮಹೋತ್ಸವ' ಎಂಬ ಹೆಸರು ಬಂದುದು ಅವರ ಕಾಲದಲ್ಲಿಯೇ. ರಥೋತ್ಸವ, ವಸಂತೋತ್ಸವಗಳ ಸಾಲಿಗೆ ಸೇರುವ ಮಾತು ಅದು. ಆದರೆ ಹೆಸರನ್ನು ಕೊಟ್ಟ ಸರ್ಕಾರ ರಜೆಯನ್ನು ಕೊಡಲಿಲ್ಲ. ಕೆನ್ಯಾ ದೇಶದಲ್ಲಿ 2023ರ ನವೆಂಬರ್ 13ರಂದು ಗಿಡ ನೆಡುವುದಕ್ಕಾಗಿಯೇ ಸಾರ್ವಜನಿಕ ರಜೆ ಸಾರಲಾಯಿತು. 2032ರೊಳಗೆ 1500 ಕೋಟಿ ಗಿಡಗಳೆಂಬುದು ಅಲ್ಲಿನ ಗುರಿ. ದಕ್ಷಿಣ ಕೊರಿಯದಲ್ಲಿ ಏಪ್ರಿಲ್ 5 ಬಹುಕಾಲ ಇಂತಹ ರಜೆಯ ದಿನವಾಗಿತ್ತು. 2006ರಿಂದ ಅದನ್ನು ರಜೆಯ ಪಟ್ಟಿಯಿಂದ ತೆಗೆದರು. ಯುದ್ಧದಲ್ಲಿ ಬೋಳಾಗಿದ್ದ ಅಲ್ಲಿನ ಗುಡ್ಡಗಳು ಅಷ್ಟರಲ್ಲಿ ಹಸುರಾಗಿದ್ದವು, ರಜೆ ಹೋದುದರಿಂದ ಅವು ಒಣಗಲಿಲ್ಲ.

ಹಾಗಾದರೆ ದಿನ ಗೊತ್ತುಮಾಡುವುದು ವ್ಯರ್ಥವೇ? ಹಾಗೆನ್ನಲು ನಮಗೆ, ವಿಶೇಷವಾಗಿ ಮಾಧ್ವರಿಗೆ, ಬಾಯಿಲ್ಲ. ಅನುಕೂಲವಾದ ದಿನ ಉಪವಾಸ ಮಾಡಿರೆಂದು ಹೇಳಿದ್ದರೆ ನಮ್ಮ ಮನೆಗಳಲ್ಲಿ ಏಕಾದಶಿ ಉಳಿಯುತ್ತಿತ್ತೇ? ದಶಮೀ ವೇಧೆಯನ್ನು ನೋಡಿ ನಿರ್ಣಯಿಸಿದ ದಿನವೊಂದು ಇರುವುದರಿಂದಲೇ ಆಲಸಿಯೂ ಎಚ್ಚರಗೊಳ್ಳುತ್ತಾನೆ. ಕಾಲದ ನಿಯಮವು ದುರ್ಬಲನಿಗೆ ಊರುಗೋಲು. ಆದುದರಿಂದ ತರುಣನಿಗೆ ನಾವು ಹೇಳಿದ್ದು ಇಷ್ಟೇ: ದಿನವನ್ನು ಪಂಚಾಂಗ ಹೇಳಿದರೇನು, ಸರ್ಕಾರ ಹೇಳಿದರೇನು, ಸತ್ಕರ್ಮಕ್ಕೆ ಒದಗಿದ ನಿಮಿತ್ತವನ್ನು ತಳ್ಳಬಾರದು. ಆದರೆ ಏಕಾದಶಿಗೆ ದ್ವಾದಶಿಯೂ ಇದೆ. ಉಪವಾಸ ಮಾಡಿ ಪಾರಣೆಯ ಕಾಲವನ್ನು ತಪ್ಪಿಸಿದವನ ವ್ರತ ಪೂರ್ತಿಯಾಗಲಿಲ್ಲ. ವನಮಹೋತ್ಸವಕ್ಕೆ ಸಂಕಲ್ಪವುಂಟು, ಪಾರಣೆಯನ್ನು ಯಾರೂ ಗೊತ್ತುಮಾಡಿಲ್ಲ.

ಇದು ಪರರ ದೂಷಣೆಯಲ್ಲ. ಕೆಲವು ವರ್ಷಗಳ ಹಿಂದೆ ಇದೇ ರಬಕವಿಯಲ್ಲಿ, ಹೊಳೆಗೆ ಹೋಗುವ ದಾರಿಯ ಬದಿಯಲ್ಲಿ ನಾವು ಕೆಲವರು ಕೂಡಿ ಬೇವು, ಹೊಂಗೆಗಳ ಹನ್ನೆರಡು ಸಸಿಗಳನ್ನು ನೆಟ್ಟೆವು. ಭಾಷಣವಾಯಿತು, ಪಾನಕ ಕೋಸಂಬರಿಗಳಾದವು, ಛಾಯಾಚಿತ್ರವೂ ಆಯಿತು. ನಮ್ಮ ಸೀಮೆಯ ಮಳೆ ದೆಹಲಿಯ ಮಳೆಯಲ್ಲವೆಂಬುದನ್ನು ಆಗ ಯಾರೂ ನೆನೆಯಲಿಲ್ಲ. ಇಲ್ಲಿ ಜುಲೈನಲ್ಲಿ ಮೋಡ ಹೆಚ್ಚು, ನೀರು ಕಡಿಮೆ. ಕರಿಮಣ್ಣು ತೊಯ್ಯುವಂತೆ ಸುರಿಯುವುದು ಹುಬ್ಬಿ, ಉತ್ತರಿ ಮಳೆಗಳಲ್ಲಿ, ಸೆಪ್ಟೆಂಬರಿನಲ್ಲಿ. ಆ ಮಳೆಯೂ ನಿಂತ ಮೇಲೆ ಅದೇ ಕರಿಮಣ್ಣು ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ಉಳಿದದ್ದು ಒಂದೇ ಸಸಿ. ಅದರ ಎದುರಿನ ಮನೆಯ ನೇಕಾರ ಮುದುಕಿಯೊಬ್ಬಳು ಪಾತ್ರೆ ತೊಳೆದ ನೀರನ್ನು ದಿನವೂ ಅದರ ಬುಡಕ್ಕೆ ಚೆಲ್ಲುತ್ತಿದ್ದಳು. ಆಕೆ ನಮ್ಮ ಸಮಾರಂಭಕ್ಕೆ ಬಂದಿರಲಿಲ್ಲ, ನಾವು ಕರೆದೂ ಇರಲಿಲ್ಲ.

ಆ ಒಂದು ಬೇವಿನ ಪುಣ್ಯ ಯಾರದು? ಸಂಕಲ್ಪ ನಮ್ಮದು, ನೀರು ಆಕೆಯದು. ಸ್ವತಂತ್ರ ಕರ್ತೃ ಶ್ರೀಹರಿಯೊಬ್ಬನೇ, ಜೀವನ ಕರ್ತೃತ್ವವು ಸತ್ಯವಾದರೂ ಅವನ ಅಧೀನವೆಂಬುದು ನಮ್ಮ ಸಿದ್ಧಾಂತ. ಇದನ್ನು ನೆಪವಾಗಿಟ್ಟುಕೊಂಡು, ಬೆಳೆಸುವವನು ಅವನು, ನಾವು ನೆಟ್ಟರೆ ಸಾಕು ಎಂದು ನಮ್ಮಲ್ಲಿಯೇ ಒಬ್ಬರು ವಾದಿಸಿದರು. ವಾದ ನಯವಾಗಿದೆ, ನಮಗೆ ಒಪ್ಪಿಗೆಯಿಲ್ಲ. ಅಧೀನವಾದರೂ ಕರ್ತೃತ್ವವು ಸತ್ಯವಾದುದರಿಂದಲೇ ಹೊಣೆಯೂ ಸತ್ಯ. ಅಲ್ಲದೆ ವೃಕ್ಷವೆಂಬುದು ಜಡವಾದ ಕಂಬವಲ್ಲ. ಅದೂ ಒಬ್ಬ ಜೀವನ ದೇಹ. ಅತಿಥಿಯನ್ನು ಆದರದಿಂದ ಮನೆಗೆ ಕರೆತಂದು ಉಪವಾಸ ಕೆಡಹುವುದಕ್ಕೂ, ಸಸಿಯನ್ನು ದಾರಿಬದಿಯಲ್ಲಿ ನಿಲ್ಲಿಸಿ ಬರುವುದಕ್ಕೂ ಏನು ಅಂತರ? ನೆಟ್ಟು ಬಿಡುವ ದೋಷವು ನೆಡದಿರುವ ದೋಷಕ್ಕಿಂತ ದೊಡ್ಡದೆಂದೇ ನಮಗೆ ತೋರುತ್ತದೆ. ಹನ್ನೊಂದು ಸಸಿಗಳ ವಿಷಯದಲ್ಲಿ ನಾವು ಆ ದೋಷಕ್ಕೆ ಭಾಗಿಗಳು.

ಹಿರಿಯರ ಪದ್ಧತಿ ಇದಕ್ಕೆ ವಿಪರೀತವಾಗಿತ್ತು. ಅಶ್ವತ್ಥಕ್ಕೆ ಉಪನಯನ ಮಾಡುವರು, ಬೇವಿನೊಡನೆ ವಿವಾಹವನ್ನೂ ಮಾಡುವರು. ಬೆಳೆದು ನಿಂತ ಮರಕ್ಕಲ್ಲದೆ ಈ ಸಂಸ್ಕಾರಗಳು ಸಲ್ಲವು. ವಟು ಬದುಕಿರದೆ ಮುಂಜಿ ಎಲ್ಲಿಯದು? ಕಾರ್ತಿಕದಲ್ಲಿ ಧಾತ್ರೀ ವೃಕ್ಷದ ಕೆಳಗೆ ವನಭೋಜನ ಮಾಡಬೇಕಾದರೆ ಮೊದಲು ನೆಲ್ಲಿಯ ನೆರಳಿರಬೇಕು. ಸರ್ಕಾರದ ಉತ್ಸವ ಸಸಿಯದು, ನಮ್ಮ ಉತ್ಸವ ಮರದ್ದು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದಾಗಿತ್ತು. ಆದರೆ ಇಂದು ನಾವು ಪ್ರದಕ್ಷಿಣೆ ಮಾಡುವ ಅಶ್ವತ್ಥವನ್ನು ನೆಟ್ಟವರು ನಮ್ಮ ಮುತ್ತಜ್ಜಂದಿರು. ವಟಸಾವಿತ್ರಿಗೆ ಆಲದ ಕೊಂಬೆಯನ್ನು ಮುರಿದು ತಂದು ಮನೆಯಲ್ಲಿ ಪೂಜಿಸುವುದು, ವಿಜಯದಶಮಿಗೆ ಬನ್ನಿಯನ್ನು ಬೋಳುಮಾಡುವುದು, ಇವನ್ನು ಏನೆನ್ನೋಣ?

ಮಾಗಡಿ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯದೆ ಈ ಮಾತು ಮುಂದೆ ಸಾಗದು. ಮಕ್ಕಳಿಲ್ಲದ ಆ ದಂಪತಿಗಳು ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸಾಕಿದರು. ಆ ಮರಗಳ ಸಂಖ್ಯೆ 385 ಎಂದು ಪ್ರಸಿದ್ಧಿ. 2019ರಲ್ಲಿ ಪದ್ಮಶ್ರೀ ಬಂದಿತು, 2025ರ ನವೆಂಬರಿನಲ್ಲಿ ಅವರು ದೇಹವಿಟ್ಟರು. ಒಂದು ವೃಕ್ಷವು ಹತ್ತು ಪುತ್ರರಿಗೆ ಸಮವೆನ್ನುವ ಮತ್ಸ್ಯಪುರಾಣವನ್ನು ನಾವು ವೇದಿಕೆಯ ಮೇಲೆ ಹೇಳುತ್ತೇವೆ; ಅಕ್ಷರ ಕಲಿಯದ ಆ ತಾಯಿ ಅದನ್ನು ನಡೆದು ತೋರಿಸಿದರು. ಸರ್ಕಾರದ ಮನ್ನಣೆ ಅಲ್ಲಿ ಮರದ ಹಿಂದೆ ಬಂದಿತೇ ಹೊರತು ಮುಂದೆ ಹೋಗಲಿಲ್ಲ.

ಈ ಸಲ ನಾವು ನಾಲ್ಕೇ ಗುಂಡಿಗಳನ್ನು ತೋಡಿಸಿದ್ದೇವೆ. ಜುಲೈ ವಾರದಲ್ಲಿ ಸಂಕಲ್ಪ ಮಾಡಿ, ಸಸಿಗಳನ್ನು ಹುಬ್ಬಿ ಮಳೆ ಬಿದ್ದ ಮೇಲೆ ಇಳಿಸುವುದೆಂದು ನಿಶ್ಚಯವಾಗಿದೆ. ಉತ್ಥಾನ ದ್ವಾದಶಿಯಿಂದ ಮುಂದಿನ ಆಷಾಢದವರೆಗೆ ನೀರಿನ ಸರದಿಯನ್ನು ಎಂಟು ಮನೆಗಳು ಹಂಚಿಕೊಂಡಿವೆ. ಪಾನಕ ಕೋಸಂಬರಿಗಳನ್ನು ಎರಡನೆಯ ಬೇಸಿಗೆ ಕಳೆದ ಮೇಲೆ, ಮರಗಳ ಬುಡದಲ್ಲಿಯೇ ಮಾಡುವುದೆಂದಿದ್ದೇವೆ. ಆ ದಿನ ನೇಕಾರ ಮುದುಕಿಯನ್ನು ಮೊದಲು ಕರೆಯತಕ್ಕದ್ದೆಂದು ಪ್ರಶ್ನೆ ಕೇಳಿದ ತರುಣನೇ ಸೂಚಿಸಿದನು. ಗುರುವಾರದ ಸರದಿಗೆ ಇನ್ನೂ ಒಂದು ಮನೆ ಬೇಕಾಗಿದೆ.