ಋಷಿಯ ಹೆಸರಿನ ವಿಮಾನ

ಚಂದಾಪುರದಲ್ಲಿ ಹೊಸೂರು ಹೆದ್ದಾರಿಯಿಂದ ಕವಲೊಡೆಯುವ ದಾರಿಯೊಂದು ಆನೇಕಲ್ಲಿಗೆ ಹೋಗುವುದು. ಲೋಕದಿಂದ ಲೋಕಕ್ಕೆ ಹಾರುವ ಯುದ್ಧವಿಮಾನದ ಕಲ್ಪನೆಯೊಂದು ಆ ಊರಿನ ಪಂಡಿತರ ಬಾಯಿಂದ ಹೊರಟಿತೆಂಬುದನ್ನು ಇಂದು ಆ ದಾರಿಯಲ್ಲಿ ಕಾರ್ಖಾನೆಗಳಿಗೆ ಹೋಗಿಬರುವವರಲ್ಲಿ ಬಲ್ಲವರು ವಿರಳ. ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳುತ್ತಿದ್ದ ಸಂಸ್ಕೃತ ಶ್ಲೋಕಗಳನ್ನು ವೆಂಕಟಾಚಲ ಶರ್ಮರು ೧೯೧೮ ರಿಂದ ೧೯೨೩ ರವರೆಗೆ ಬರೆದುಕೊಂಡರು. ಬೆಂಗಳೂರಿನ ನಕ್ಷೆಗಾರರಾದ ಎಲ್ಲಪ್ಪನವರು ಚಿತ್ರಗಳನ್ನು ರಚಿಸಿದರು. ಅದೇ ‘ವೈಮಾನಿಕ ಶಾಸ್ತ್ರ’. ಕರ್ತೃವೆಂದು ನಿಂತ ಹೆಸರು ಮಾತ್ರ ಭರದ್ವಾಜ ಮಹರ್ಷಿಗಳದು.

ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ರಚನೆಯನ್ನು ಅದರಲ್ಲಿ ವಿವರಿಸಿದೆ. ವಿಮಾನವನ್ನು ನಡೆಸುವವನು ಅರಿಯಬೇಕಾದ ೩೨ ರಹಸ್ಯಗಳಲ್ಲಿ ಹಲವು ಯುದ್ಧಕ್ಕೇ ಸೇರಿದವು: ಶತ್ರುವಿನ ಕಣ್ಣಿಗೆ ಮರೆಯಾಗುವುದು, ಸರ್ಪದಂತೆ ಡೊಂಕುಡೊಂಕಾಗಿ ಸಾಗುವುದು, ಪರವಿಮಾನದಲ್ಲಿ ಆಡುವ ಮಾತನ್ನು ಯಂತ್ರದಿಂದ ಕೇಳುವುದು, ನಳಿಗೆಯಿಂದ ವಿಷಧೂಮವನ್ನು ಬಿಟ್ಟು ಎದುರಾಳಿಗಳನ್ನು ಮೂರ್ಛೆಗೊಳಿಸುವುದು.

ತನ್ನ ಕಾಲದ ಮಾತನ್ನು ಋಷಿಯ ಹೆಸರಿನಲ್ಲಿ ಹೇಳುವುದು ಅಸತ್ಯವೆ? ಥಟ್ಟನೆ ಹೌದೆನ್ನುವವರು ಪುರಾಣಗಳ ಸಂಪ್ರದಾಯವನ್ನು ಮರೆತವರು. ವ್ಯಾಸರ ಹೆಸರನ್ನು ಹೊತ್ತ ಗ್ರಂಥಗಳೆಲ್ಲವೂ ಒಂದೇ ಕಾಲದವಲ್ಲವೆಂಬುದು ವಿದ್ವಾಂಸರು ಬಲ್ಲ ಸಂಗತಿ. ತನ್ನ ಹೆಸರನ್ನು ಅಳಿಸಿ ಹಿರಿಯರ ಹೆಸರನ್ನಿಡುವುದು ಅಲ್ಲಿ ವಿನಯವೆನಿಸಿತ್ತು. ಶಾಸ್ತ್ರಿಗಳಂತೂ ಇದು ಗುರುವಿನಿಂದ ಬಂದ ವಿದ್ಯೆಯೆಂದೇ ಹೇಳುತ್ತಿದ್ದರು. ಅವರ ಪ್ರಾಮಾಣಿಕತೆಯನ್ನು ಶಂಕಿಸಬೇಕಾದುದಿಲ್ಲ. ಆದರೆ ಪುಷ್ಪಕವನ್ನು ವರ್ಣಿಸಿದ ಕವಿಯು ಅದನ್ನು ಕಟ್ಟಿ ಹಾರಿಸಿರೆಂದು ಯಾರನ್ನೂ ಕರೆಯಲಿಲ್ಲ. ಅಳತೆಯನ್ನೂ ಲೋಹವನ್ನೂ ಹೇಳುವ ಮಾತು ಗಾಳಿಯ ಪರೀಕ್ಷೆಗೆ ಒಳಪಡಲೇಬೇಕು. ಅಲ್ಲಿ ಋಷಿಯ ಹೆಸರು ಸಾಕ್ಷಿಯಾಗಲಾರದು.

೧೯೭೩ ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರರು ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷವೇ ಆ ಪರೀಕ್ಷೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದರೂ ಇತರ ನಾಲ್ವರೂ ನಾಲ್ಕು ವಿಮಾನಗಳನ್ನೂ ಪರಿಶೀಲಿಸಿ, ಒಂದೂ ಹಾರಲಾರದೆಂದೂ, ಭಾಷೆಯು ವೈದಿಕವಲ್ಲದೆ ಈಚಿನದೆಂದೂ, ರಚನೆಯು ೧೯೦೦ ಕ್ಕೆ ಹಿಂದಿನದಲ್ಲವೆಂದೂ ತೋರಿಸಿದರು. ಇಷ್ಟಾದ ಮೇಲೂ ೨೦೧೫ ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನವಿದ್ಯೆಗೆ ಭರದ್ವಾಜರ ಹೆಸರನ್ನೇ ಆಧಾರವಾಗಿ ಎತ್ತಿ ಆಡಿದರು. ಹೇಳಿದ ಶಾಸ್ತ್ರಿಗಳಿಗಿಂತ, ತಿಳಿದೂ ಸಾಕ್ಷ್ಯವಾಗಿ ಎತ್ತಿ ಹಿಡಿಯುವವರ ಹೊಣೆಯೇ ಹೆಚ್ಚಿನದು.

ಅದೇ ಬೆಂಗಳೂರಿನಲ್ಲಿ ೧೯೬೧ ರ ಜೂನ್ ೧೭ ರಂದು ಮೊದಲು ಹಾರಿದ ‘ಮಾರುತ್’ ಯುದ್ಧವಿಮಾನವೂ ಇಂದು ಬಳಕೆಯಲ್ಲಿಲ್ಲ. ಅದಕ್ಕೆ ೩೦ ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು. ಎಂಜಿನ್ನಿಗೆ ಬಲ ಸಾಲದಾಗಿತ್ತು. ಹೆಸರು ದೇವತೆಯದಾದರೂ ಕೊರತೆಯನ್ನು ಎಂಜಿನ್ನಿನದೆಂದೇ ಎಲ್ಲರೂ ಲೆಕ್ಕ ಹಾಕಿದರು.

ಶ್ಲೋಕಗಳನ್ನು ಬರೆಸಿದ ಕಾಲವನ್ನೂ ಇಲ್ಲಿ ನೆನೆಯಬೇಕು. ೧೯೧೫ ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ವಿಷವಾಯುವನ್ನು ಬಿಟ್ಟಿದ್ದರು. ಮಹಾಯುದ್ಧವು ಮುಗಿದದ್ದು ೧೯೧೮ ರ ನವೆಂಬರಿನಲ್ಲಿ. ಆ ವಾರ್ತೆಗಳು ಪಂಡಿತರ ಕಲ್ಪನೆಯನ್ನು ಹೊಕ್ಕಿದ್ದರೆ ಆಶ್ಚರ್ಯವೇನು? ಹಾಗೆಣಿಸಿದರೆ ಆ ರಹಸ್ಯಗಳು ಹೆದರಿದ ಕಾಲವೊಂದರ ಕನಸಾಗಿ ಓದಿಸಿಕೊಳ್ಳುವುವು. ಶಾಸ್ತ್ರಿಗಳಿಗೂ ಕವಿಯೆಂಬ ಗೌರವ ಸಲ್ಲುವುದು. ಪ್ರಮಾಣಗ್ರಂಥವೆಂದು ಹಿಡಿದರೋ, ಆ ವಿಷಧೂಮವು ಭರದ್ವಾಜರ ಆಶ್ರಮದಲ್ಲಿ ಸಿದ್ಧವಾಯಿತೆಂದು ಹೇಳಿದಂತಾಗುವುದು. ರಾಮಾಯಣದಲ್ಲಿ ಭರತನು ಸೈನ್ಯಸಮೇತನಾಗಿ ಬಾಗಿಲಿಗೆ ಬಂದಾಗ ಆ ಋಷಿಯು ಅಷ್ಟು ಜನಕ್ಕೂ ಇಕ್ಕಿದ್ದು ಊಟ.