ಮಗುವಿನ ಪಾಲಿನ ರಾತ್ರಿ

ಬೇಸಿಗೆಯಲ್ಲಿ ಬಳ್ಳಾರಿಯ ಗಾಂಧಿನಗರದಂತಹ ಬಡಾವಣೆಗಳಲ್ಲಿ ರಾತ್ರಿ ಹತ್ತಾದರೂ ಗೋಡೆಗಳ ಕಾವು ಇಳಿಯುವುದಿಲ್ಲ. ಇಶಾ ನಮಾಝ್ ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಆದರೂ ಟಿ.ವಿ. ನಡೆಯುತ್ತಲೇ ಇರುತ್ತದೆ, ಐದು ವರ್ಷದ ಮಗು ಮೊಬೈಲ್ ಹಿಡಿದು ಎಚ್ಚರವಾಗಿರುತ್ತದೆ. ಬೆಳಿಗ್ಗೆ ಅದನ್ನು ಎಳೆದೆಬ್ಬಿಸಿ, ಚಹಾದಲ್ಲಿ ಎರಡು ಬಿಸ್ಕತ್ತು ಅದ್ದಿ ತಿನ್ನಿಸಿ ಶಾಲೆಗೆ ಅಟ್ಟುತ್ತೇವೆ. ಅಲ್ಲಿ ತೂಕಡಿಸಿದರೆ ಮಗು ಮಂದಬುದ್ಧಿ ಎನ್ನುತ್ತೇವೆ. ತಪ್ಪು ಯಾರದು?

ಖಲೀಫಾ ಉಮರ್(ರ) ಅವರ ಕಾಲದ ಒಂದು ಘಟನೆಯನ್ನು ಇತಿಹಾಸಕಾರರು ವರದಿ ಮಾಡಿದ್ದಾರೆ. ಒಂದು ರಾತ್ರಿ ಅವರು ಮದೀನದಲ್ಲಿ ಬೀಡುಬಿಟ್ಟಿದ್ದ ವರ್ತಕರ ಕಾವಲಿಗಿದ್ದರು. ಮಗುವೊಂದು ನಿದ್ರಿಸದೆ ಅಳುತ್ತಿತ್ತು. ವಿಚಾರಿಸಿದಾಗ, ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಖಲೀಫರು ಭತ್ತೆ ಕೊಡುವುದರಿಂದ ಬೇಗನೆ ಹಾಲು ಬಿಡಿಸುತ್ತಿದ್ದೇನೆ ಎಂದಳು ತಾಯಿ. ಆಕೆಗೆ ಇವರಾರೆಂದು ತಿಳಿದಿರಲಿಲ್ಲ. ಫಜ್ರ್ ನಮಾಝ್‌ನಲ್ಲಿ ಉಮರ್(ರ) ಎಷ್ಟು ಅತ್ತರೆಂದರೆ ಅವರ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಬಳಿಕ ಹುಟ್ಟಿದ ಪ್ರತಿ ಮಗುವಿಗೂ ಭತ್ತೆ ಎಂದು ಆಜ್ಞೆಯಾಯಿತು.

ಪ್ರಿಯ ಓದುಗರೇ, ಅರಿಯದೆ ಮಾಡಿದ ಒಂದು ಕಾನೂನಿಗಾಗಿ ಅವರು ಅತ್ತರು. ಕಣ್ಣೆದುರೇ ಇರುವ ಮಗುವಿನ ಹೊಟ್ಟೆ ಮತ್ತು ನಿದ್ದೆಯ ಬಗ್ಗೆ ನಮಗೆ ಚಿಂತೆಯಿದೆಯೇ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ. 65ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಚಹಾ ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಇದಕ್ಕೆಲ್ಲ ಸಿರಿವಂತಿಕೆ ಬೇಕಿಲ್ಲ. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡತೊಡಗಿದರು. ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನು ಪಡೆಯದ ಗದಗಿನ ಮಕ್ಕಳೊಂದಿಗೆ ಹೋಲಿಸಿದಾಗ, ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ, ರಾಗಿ ಅಂಬಲಿ, ನುಗ್ಗೆಸೊಪ್ಪು ನಮ್ಮ ಕೈಗೆಟುಕದ ವಸ್ತುಗಳೇ? ಹಗಲೆಲ್ಲ ಜೀನ್ಸ್ ಹೊಲಿದು ತಡವಾಗಿ ಬರುವ ತಂದೆ-ತಾಯಿಯ ದಣಿವು ನಿಜ. ಆದರೆ ಮಗು ಸುಮ್ಮನಿರಲೆಂದು ಕೊಡುವ ಮೊಬೈಲು ಅದರ ರಾತ್ರಿಯನ್ನೇ ಕಸಿಯುತ್ತದೆ.

ನಿದ್ದೆಯನ್ನು ವಿಶ್ರಾಂತಿಗಾಗಿ, ರಾತ್ರಿಯನ್ನು ಹೊದಿಕೆಯಾಗಿ ಮಾಡಿದ್ದೇವೆಂದು ಅಲ್ಲಾಹನು ಸೂರಃ ಅನ್ನಬಅ್‌ನಲ್ಲಿ ನೆನಪಿಸುತ್ತಾನೆ. ಇಶಾದ ನಂತರದ ಹರಟೆಯನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಕಲಿಸಿದರು. ಇದು ದೊಡ್ಡವರ ಶರೀರದ ಮಾತಾದರೆ, ಬಾಯಿಬಿಟ್ಟು ಕೇಳಲಾರದ ಮಗುವಿನ ಹಕ್ಕು ಎಷ್ಟು ದೊಡ್ಡದು! ರಮಝಾನಿನಲ್ಲಿ ನಡುರಾತ್ರಿಯವರೆಗೆ ಮಕ್ಕಳನ್ನು ಅಂಗಡಿ ಬೀದಿಯಲ್ಲಿ ಅಲೆಸುವುದು ಯಾವ ಇಬಾದತ್ತು?

ಇಂದಿನಿಂದಲೇ ಆರಂಭಿಸೋಣ. ಇಶಾ ಮುಗಿದೊಡನೆ ಮನೆಯ ಪರದೆಗಳೆಲ್ಲ ಆರಲಿ. ತಂದೆಯ ಮೊಬೈಲು ಮೊದಲು ಕೆಳಗಿಳಿಯಲಿ. ಮಲಗುವ ದುಆವನ್ನು ಮಗುವಿನೊಂದಿಗೆ ಹೇಳೋಣ. ಬೆಳಿಗ್ಗೆ ಚಹಾದ ಲೋಟದ ಬದಲು ಅದರ ಕೈಗೆ ಆಹಾರ ಕೊಡೋಣ. ಮಕ್ಕಳು ಅಮಾನತ್ತು, ಅವರ ಬಗ್ಗೆ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು. ಆ ದಿನ ತಲೆಯೆತ್ತಿ ಉತ್ತರಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.