ಅಳತೆಗೆ ಸಿಗುವ ಶುಚಿ, ಸಿಗದ ಮೈಲಿಗೆ

ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕಟ್ಟೆಯನ್ನು ತೊಳೆದು ಒರೆಸಿದ ಮೇಲೆ ಅದು ನಿಜಕ್ಕೂ ಶುಚಿಯಾಗಿದೆಯೇ? ತಿಳಿಯಲು ಮುಖ್ಯವಾಗಿ ಎರಡು ದಾರಿಗಳಿವೆ. ಹತ್ತಿಕಡ್ಡಿಯಿಂದ ಉಜ್ಜಿ ತೆಗೆದ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಎಣಿಸಬಹುದು. ಅದಕ್ಕೆ ಒಂದೆರಡು ದಿನ ಬೇಕು. ಇಲ್ಲವೇ ಜೀವಕೋಶಗಳಲ್ಲೆಲ್ಲ ಇರುವ ಎಟಿಪಿ ಎಂಬ ರಾಸಾಯನಿಕವನ್ನು ಹುಡುಕಬಹುದು. ಮಿಂಚುಹುಳು ಬೆಳಗಲು ಎಟಿಪಿ ಬೇಕೆಂದು ಅಮೆರಿಕದ ವಿಜ್ಞಾನಿ ವಿಲಿಯಂ ಮೆಕೆಲ್ರಾಯ್ 1947ರಲ್ಲಿ ತೋರಿಸಿದ್ದರು. ಅದೇ ಹುಳುವಿನ ಲೂಸಿಫೆರೇಸ್ ಕಿಣ್ವವನ್ನು ಬಳಸುವ ಈ ಪರೀಕ್ಷೆಯಲ್ಲಿ ಕೊಳೆ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಅರ್ಧ ನಿಮಿಷದೊಳಗೆ ಉಪಕರಣದಲ್ಲಿ ಅಂಕಿ ಮೂಡುತ್ತದೆ. ಆ ಅಂಕಿ ಕಟ್ಟೆಯ ಸ್ಥಿತಿಯನ್ನು ಹೇಳುತ್ತದೆ. ಮುಟ್ಟಿದವರ ಕುಲವನ್ನು ಹೇಳುವುದಿಲ್ಲ. ಮಡಿ-ಮೈಲಿಗೆಯನ್ನು ಧರ್ಮವೆಂದು ನಂಬಿದವರು ಈ ಸಂಗತಿಗೆ ಉತ್ತರ ಕೊಡಬೇಕಾಗುತ್ತದೆ.

ಮಡಿಯೆಂಬುದು ಹಿರಿಯರು ಕಂಡುಕೊಂಡ ಆರೋಗ್ಯಶಾಸ್ತ್ರವೇ ಎಂದು ಕೆಲವರು ವಾದಿಸುತ್ತಾರೆ. ಸ್ನಾನ, ಒಗೆದ ಬಟ್ಟೆ, ಎಂಜಲು ಬೆರೆಸದ ಎಚ್ಚರ ಇವುಗಳ ಮಟ್ಟಿಗೆ ಒಪ್ಪೋಣ. ಆದರೆ ಆರೋಗ್ಯದ ನಿಯಮ ಎಲ್ಲರಿಗೂ ಒಂದೇ. ಪ್ರತಿಯೊಬ್ಬರ ಚರ್ಮದ ಮೇಲೂ ಸೂಕ್ಷ್ಮಾಣುಗಳಿವೆ. ಸೋಪು ಹಚ್ಚಿ ಕೈ ತೊಳೆದರೆ ಯಾರ ಕೈಯಿಂದಲಾದರೂ ಕೊಳೆ ಹೋಗುತ್ತದೆ. ಹುಟ್ಟಿನಿಂದ ಅಂಟಿತೆನ್ನುವ ಮೈಲಿಗೆ ಮಾತ್ರ ಯಾವ ಸೋಪಿಗೂ ಹೋಗದು, ಯಾವ ಪರೀಕ್ಷೆಗೂ ಸಿಗದು. ಹಾಗಿದ್ದರೆ ಅದನ್ನು ಕೊಳೆಯೆಂದು ಹೇಗೆ ಕರೆಯುವುದು? ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಪದ್ಧತಿ ಕಾಪಾಡಿದ್ದು ಮೇಲು-ಕೀಳನ್ನೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದಾಗ ಯಾರ ಆರೋಗ್ಯಕ್ಕೂ ಕುಂದು ಬರಲಿಲ್ಲ.

ಉಪಕರಣವೂ ತಪ್ಪುತ್ತದಲ್ಲ ಎನ್ನಬಹುದು. ನಿಜ. ವೈರಸ್‌ಗಳಲ್ಲಿ ಎಟಿಪಿ ಇಲ್ಲ. ಅವು ಈ ಪರೀಕ್ಷೆಗೆ ಕಾಣುವುದಿಲ್ಲ. ನಿರುಪದ್ರವಿ ಆಹಾರದ ಕಣವೂ ಬೆಳಕು ಹೆಚ್ಚಿಸುತ್ತದೆ. ಆದರೆ ಈ ಮಿತಿಗಳು ನಮಗೆ ಗೊತ್ತಾದದ್ದೂ ಪರೀಕ್ಷೆಯಿಂದಲೇ. ಒಂದು ಪರೀಕ್ಷೆಯ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಹುಟ್ಟಿನ ಮೈಲಿಗೆಗೆ ತಿದ್ದುಪಡಿಯ ದಾರಿಯೇ ಇಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಮಡಿ ದೇವರ ಮುಂದೆ ನಿಲ್ಲುವ ಮನಸ್ಸಿನ ಸಿದ್ಧತೆ, ಅದನ್ನು ಉಪಕರಣ ಅಳೆಯಲಾಗದು. ಈ ಮಾತು ಗೌರವಕ್ಕೆ ಅರ್ಹ. ಆದರೆ ಮನಸ್ಸಿನ ವ್ರತವು ಅದನ್ನು ಹಿಡಿದವರನ್ನಷ್ಟೇ ಕಟ್ಟಬೇಕು. ಇನ್ನೊಬ್ಬರನ್ನು ಹೊಸಿಲಾಚೆ ನಿಲ್ಲಿಸುವ ಹಕ್ಕನ್ನು ಅದು ಕೊಡುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಒಳಗಿನ ಶುದ್ಧಿಯನ್ನೂ ಹೊರಗಿನ ಶುದ್ಧಿಯನ್ನೂ ನಡತೆಯಲ್ಲಿ ಹುಡುಕಿದ್ದು ಇದಕ್ಕೇ. ಬೆಳಿಗ್ಗೆ ತೊಳೆದ ಕಟ್ಟೆಯನ್ನು ಸಂಜೆ ಮತ್ತೆ ತೊಳೆಯಬೇಕು; ಶುಚಿ ಯಾರಿಗೂ ಹುಟ್ಟಿನಿಂದ ಬರುವ ಆಸ್ತಿಯಲ್ಲ, ದಿನದಿನದ ದುಡಿಮೆ. ಆ ದುಡಿಮೆಯನ್ನು ಹೊತ್ತವರನ್ನೇ ಮೈಲಿಗೆಯೆಂದು ದೂರವಿಡುವ ಆಚಾರಕ್ಕೆ ಧರ್ಮವೆಂಬ ಹೆಸರು ಸಲ್ಲದು.